ಮೊದಲ ಸೂಜಿ ಯಾರಿಗೆ

ಕಾಯಿಸಿ ಆರಿಸಿದ ನೀರಿಗೆ ರುಚಿಯೇ ಇಲ್ಲವೆನ್ನುವವರು ಎಪ್ಪತ್ತರ ದಶಕದ ಆ ಮಳೆಗಾಲದಲ್ಲಿ ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯ ನೀರು ಕುಡಿಯಬೇಕಿತ್ತು. ಸೀಮೆಎಣ್ಣೆ ಸ್ಟೋವಿನ ವಾಸನೆ, ತಾಮ್ರದ ಒಗರು, ಮೇಲೊಂದಿಷ್ಟು ಭಯ, ಎಲ್ಲವೂ ಅದರಲ್ಲಿ ಹದವಾಗಿ ಬೆರೆತಿರುತ್ತಿದ್ದವು. ನಮ್ಮ ಕಟ್ಟಡದ ಹಿಂದೆ ತಗಡಿನ ಶೆಡ್ಡುಗಳಿದ್ದವು. ಗುಲಬರ್ಗಾ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು ಅಲ್ಲಿ ಸಂಸಾರ ಹೂಡಿದ್ದರು. ಅವರಲ್ಲೊಬ್ಬಳಾದ ಯಲ್ಲಮ್ಮನ ಮಗಳು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದಳು. ಕಾಲರಾ ಎಂದು ಡಾಕ್ಟರು ಹೇಳಿದ ಸಂಜೆಯಿಂದ ನಮ್ಮಲ್ಲಿ ಯಾರೂ ಒಂದು ಗುಟುಕು ನೀರನ್ನೂ ನೆಮ್ಮದಿಯಿಂದ ನುಂಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಸರ್ಕಾರಿ ನರ್ಸ್ ಬಂದು ಕಾಲರಾ ಸೂಜಿ ಹಾಕುತ್ತಾರೆಂದೂ, ಮದ್ದು ಕಡಿಮೆಯಿರುವುದರಿಂದ ಹೆಚ್ಚು ಅಗತ್ಯವಿರುವವರಿಗೆ ಮೊದಲು ಎಂದೂ ಸುದ್ದಿ ಬಂತು. ಎಷ್ಟು ನಿರಪಾಯಕಾರಿಯಾದ ಮಾತು ನೋಡಿ. ಆದರೆ ಸರ್ಕಾರವೊಂದು ಮನುಷ್ಯನನ್ನು ‘ನೀನು ಎಷ್ಟು ಅಗತ್ಯದವನು’ ಎಂದು ಕೇಳಿದ ಕ್ಷಣದಿಂದ ಆತ ತನ್ನ ಬಗ್ಗೆ ಈವರೆಗೆ ಹೇಳಿಕೊಂಡು ಬಂದದ್ದನ್ನೆಲ್ಲ ತಿರುವಿಹಾಕತೊಡಗುತ್ತಾನೆ. ನಿನ್ನೆಯವರೆಗೆ ಉಕ್ಕಿನಂತಿದ್ದ ದೇಹಗಳು ಶನಿವಾರ ಸಂಜೆ ನಮ್ಮ ಮೆಟ್ಟಿಲ ಬುಡದಲ್ಲಿ ಸಭೆ ಸೇರಿದಾಗ ಕೆಮ್ಮುತ್ತಿದ್ದವು, ಕುಂಟುತ್ತಿದ್ದವು.

ನಮ್ಮ ಕಟ್ಟಡದ ಸೊಸೈಟಿಯ ಸೆಕ್ರೆಟರಿ ದೇಶಪಾಂಡೆಯವರು ಧಾರವಾಡದ ಕಡೆಯವರು, ನಿಯಮವಿಲ್ಲದೆ ನೀರೂ ಕುಡಿಯದವರು. “ಅರವತ್ತು ದಾಟಿದವ್ರು ಮೊದಲು. ಆಮ್ಯಾಲೆ ಹತ್ತು ಮಂದಿಗೆ ಅಡಿಗಿ ಮಾಡಾವ್ರು. ಉಳಿದಾವ್ರು ನಂತರ,” ಎಂದರು.

ಕೆಳಗಿನ ಹೋಟೆಲಿನ ಶೆಟ್ಟರು ಒಪ್ಪಲಿಲ್ಲ. “ಹಾಗಲ್ಲ ಮಾರಾಯ್ರೆ. ಅರವತ್ತು ದಾಟಿದವರೂ ನನ್ನ ಇಡ್ಲಿಯೇ ತಿನ್ನುವುದಲ್ವಾ? ನಾನು ಮಲಗಿದ್ರೆ ಇಡೀ ಗಲ್ಲಿಯೇ ಮಲಗ್ತದೆ.”

ಲೋಕಲ್ ರೈಲಿನಲ್ಲಿ ನೇತಾಡುತ್ತ ಹೋಗುವವರು ತಾವು ರೋಗವನ್ನು ನೇರ ಮುಂಬಯಿಗೆ ಒಯ್ಯಬಲ್ಲವರೆಂದು ಹೆಮ್ಮೆಯಿಂದಲೇ ವಾದಿಸಿದರು. ಮೂರನೇ ಮಹಡಿಯ ಸಂಗೀತದ ಮೇಷ್ಟ್ರು ಕಲೆಯೂ ಅಗತ್ಯ ಸೇವೆಯೇ ಎಂದರು. ಅವರ ಬೆಳಗಿನ ಸಾಧನೆಯನ್ನು ಬಲ್ಲವರು ಯಾರೂ ಅನುಮೋದಿಸಲಿಲ್ಲ.

ಆಗ ಎದ್ದು ನಿಂತವರು ನಮ್ಮತ್ತೆ. ನಾನು ಮದುವೆಯಾಗಿ ಬಂದಂದಿನಿಂದ ಅವರ ವಯಸ್ಸು ಸಿಗ್ನಲ್ ಸಿಗದ ಲೋಕಲಿನಂತೆ ಐವತ್ನಾಲ್ಕರಲ್ಲೇ ನಿಂತಿತ್ತು. ಓರಗೆಯ ಹೆಂಗಸರನ್ನೆಲ್ಲ ‘ಅಕ್ಕಾ’ ಎಂದೇ ಕರೆದು ಅದನ್ನು ಕಾಪಾಡಿಕೊಂಡು ಬಂದಿದ್ದರು.

“ನನಗ ಅರವತ್ಮೂರು,” ಎಂದರು ಅತ್ತೆ, ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ.

‘ಅಕ್ಕಾ’ ಎನಿಸಿಕೊಂಡವರು ಮುಖ ಮುಖ ನೋಡಿಕೊಂಡರು. ನನ್ನ ಗಂಡ ಮನಸ್ಸಿನಲ್ಲೇ ಏನೋ ಕೂಡಿ ಕಳೆದು, ತನಗೂ ವಯಸ್ಸು ಹೆಚ್ಚಾಗುವುದೋ ಎಂಬಂತೆ ಕಂಗಾಲಾದ.

ಮರುದಿನ ನರ್ಸ್‌ಬಾಯಿ ಬಂದರು. ಸ್ಟೋವ್ ಕೇಳಿ ಪಡೆದು, ಗಾಜಿನ ಸಿರಿಂಜನ್ನೂ ಸೂಜಿಗಳನ್ನೂ ನಮ್ಮೆದುರಿಗೇ ಕುದಿಸಲಿಟ್ಟರು. ಆ ಕಾಲದ ಸೂಜಿಗಳನ್ನು ನೀವು ಕಂಡಿದ್ದರೆ ನಾನು ವರ್ಣಿಸಬೇಕಿಲ್ಲ. ಕಾಣದಿದ್ದರೆ ಗೋಣಿಚೀಲ ಹೊಲಿಯುವ ದಬ್ಬಣವನ್ನು ನೆನೆದುಕೊಳ್ಳಿ. “ಎರಡು ದಿನ ಜ್ವರ ಬರಬಹುದು, ತೋಳು ಎತ್ತಲಾಗದು,” ಎಂದು ಅವರು ಮರಾಠಿಯಲ್ಲಿ ಶಾಂತವಾಗಿ ಹೇಳಿದಾಗ ಪಾತ್ರೆಯಲ್ಲಿ ಸೂಜಿಗಳು ಕಟಕಟ ಎನ್ನುತ್ತಿದ್ದವು.

ಮನುಷ್ಯಸ್ವಭಾವದಲ್ಲಿ ಎಷ್ಟೊಂದು ಔದಾರ್ಯ ಹುದುಗಿದೆಯೆಂದು ಆಗ ನನಗೆ ತಿಳಿಯಿತು. ದೋಸೆ ತಿರುವುವ ಕೈ ಎತ್ತಲಾಗದಿದ್ದರೆ ಭಾನುವಾರದ ಗಿರಾಕಿಗಳ ಗತಿಯೇನೆಂದು ಶೆಟ್ಟರು ಹಿಂದೆ ಸರಿದರು. ಮುಂಬಯಿಗೆ ರೋಗ ಒಯ್ಯುವವರು ರೈಲಿನ ಕಂಬಿ ಹಿಡಿಯಲು ತೋಳು ಬೇಕಲ್ಲವೇ ಎಂದರು. ನಿಯಮ ಮಾಡಿದವನೇ ಮೊದಲು ನಿಲ್ಲುವುದು ಶೋಭೆಯಲ್ಲವೆಂದು ದೇಶಪಾಂಡೆಯವರು ಸಾಲಿನ ಕೊನೆಗೆ ಹೋದರು. ಅವರ ಹಿಂದೆ ನಿಲ್ಲಲು ನೂಕುನುಗ್ಗಲಾಯಿತು.

ನರ್ಸ್‌ಬಾಯಿ ಇದನ್ನೆಲ್ಲ ನೋಡಿ ಒಂದೇ ಪ್ರಶ್ನೆ ಕೇಳಿದರು: “ಕಾಯಿಲೆ ಬಂದ ಹುಡುಗಿಯ ಮನೆ ಎಲ್ಲಿ?”

ಯಾರೋ ಹಿಂದಕ್ಕೆ ಬೆರಳು ತೋರಿಸಿದರು. ನರ್ಸ್‌ಬಾಯಿ ಪಾತ್ರೆಯನ್ನು ಬಟ್ಟೆಯಿಂದ ಹಿಡಿದೆತ್ತಿಕೊಂಡು ಶೆಡ್ಡುಗಳತ್ತ ನಡೆದುಬಿಟ್ಟರು. ಮಗಳ ಬಳಿ ಇಡೀ ರಾತ್ರಿ ಕೂತು ಆಗಷ್ಟೇ ಬಟ್ಟೆ ಒಯ್ಯಲು ಬಂದಿದ್ದ ಯಲ್ಲಮ್ಮ, ಸೂಜಿ ನೋಡಿ ಕಣ್ಣು ಮುಚ್ಚಿಕೊಂಡಳು. “ಹಾಕ್ರಿ ಬಾಯಿ. ನಾವೆಲ್ಲ ಅದೇ ಗಟಾರದ ಬಾಜೂಕಿನ ನಳದ ನೀರೇ ಕುಡಿಯೋದು,” ಎಂದು ತೋಳು ಚಾಚಿದಳು. ಹಿಂದೆಯೇ ಇಡೀ ಶೆಡ್ಡು ಸಾಲು ಹಚ್ಚಿತು. ನಾವು ಮಹಡಿ ಹತ್ತಿ ಕಿಟಕಿಗಳಿಂದ ನೋಡಿದೆವು. ಯಾರೂ ಸಾಯಲಿಲ್ಲವೆಂದು ಖಾತ್ರಿಯಾದ ಮೇಲೆ ಶೆಟ್ಟರು ಮೆಲ್ಲಗೆ ಇಳಿದರು, ದೇಶಪಾಂಡೆಯವರೂ ಇಳಿದರು, ಅಂಗಿಯ ತೋಳು ಮಡಿಸಿಕೊಂಡು ಎಲ್ಲರೂ ಇಳಿದರು.

“ಒಬ್ಬರಿಗಾಗುವಷ್ಟೇ ಉಳಿದಿದೆ,” ಎಂದರು ನರ್ಸ್‌ಬಾಯಿ.

ಮತ್ತೆ ವಾದ ಶುರುವಾಗುವಷ್ಟರಲ್ಲಿ ಅತ್ತೆ ಎಲ್ಲರನ್ನೂ ಸರಿಸಿ ಮುಂದೆ ಹೋಗಿ ಕಲ್ಲಿನ ಮೇಲೆ ಕುಳಿತರು. ನಾನು ಬೇಡವೆಂದು ತಡೆದೆ. ಜ್ವರ ಬಂದರೆ ತಡೆದುಕೊಳ್ಳುವರೋ ಇಲ್ಲವೋ ಎಂದು ನಿಜವಾಗಿಯೂ ಹೆದರಿದ್ದೆ.

“ವಯಸ್ಸಂತೂ ಹೇಳಿ ಆತು,” ಎಂದರು ಅತ್ತೆ. “ಇನ್ನ ಸೂಜೀನೂ ಬಿಟ್ಟು ಹೋದ್ರ ಎರಡೂ ಕಡೆ ನಷ್ಟ.”

ಉಳಿದವರಿಗೆ ಮುಂದಿನ ವಾರ ಮದ್ದು ಬಂತು. ಯಲ್ಲಮ್ಮನ ಮಗಳು ಅದಕ್ಕೂ ಮೊದಲೇ ಚೇತರಿಸಿಕೊಂಡು ಮನೆಗೆ ಬಂದಿದ್ದಳು. ಆದರೆ ಆ ಭಾನುವಾರ ಮಧ್ಯಾಹ್ನ ನನಗೆ ಕಂಡದ್ದು ಇಷ್ಟು: ಊದಿದ ತೋಳು ಹಿಡಿದುಕೊಂಡು ಅತ್ತೆಯೂ ಯಲ್ಲಮ್ಮನೂ ನಮ್ಮ ಮೆಟ್ಟಿಲ ಮೇಲೆ ಅಕ್ಕಪಕ್ಕ ಕುಳಿತಿದ್ದರು, ಹಾಗೆ ಅವರು ಕೂತದ್ದು ಅದೇ ಮೊದಲು.

“ಖರೇನೇ ಅರವತ್ಮೂರೇನ್ರಿ ಅಮ್ಮಾ?” ಎಂದು ಯಲ್ಲಮ್ಮ ಅವರ ಮುಖವನ್ನೇ ದಿಟ್ಟಿಸಿದಳು. “ನೋಡಿದ್ರ ಐವತ್ತೂ ಅನಸೂದಿಲ್ಲ.”

ಅತ್ತೆ ಕತ್ತು ತಿರುಗಿಸಿ ನನ್ನನ್ನು ಕರೆದರು.

“ಚಹಾ ಇಡು. ನನಗೊಂದು, ಈಕಿಗೊಂದು. ಈಕಿಗೆ ಹಾಲು ಜಾಸ್ತಿ ಹಾಕು.”