ಅಪ್ಪನ ಸೀರೆಯಲ್ಲಿ ಕಂಡ ಹಾಡುಗಳು

ರೇಡಿಯೋದಲ್ಲಿ ಹಾಡು ಆರಿಸುವ ಕೆಲಸವನ್ನು ನಾನು ಬಹಳ ವರ್ಷ ಮಾಡಿದೆ. ಯಾವ ಹಾಡಿನ ಹಿಂದೆ ಯಾವುದು ಬರಬೇಕು, ಊಟದ ಹೊತ್ತಿಗೆ ಏನು, ಕಣ್ಣುಜ್ಜುತ್ತಾ ಕೇಳುವವರಿಗೆ ಏನು ಎಂದು ಪಟ್ಟಿ ಮಾಡುವುದು. ಇದನ್ನು ಯಾರ ಹತ್ತಿರ ಕಲಿತಿರಿ ಎಂದು ಕೇಳಿದವರಿಗೆ ಯಾರಾದರೂ ವಿದ್ವಾಂಸರನ್ನು ತೋರಿಸಬಹುದಿತ್ತು. ನಿಜ ಹೇಳಿದರೆ ನಗುತ್ತಿದ್ದರು. ನಾನು ಕಲಿತದ್ದು ಒಂದು ಸೀರೆಯಿಂದ.

ಅದು ಮೂವತ್ತರ ದಶಕ. ತಮಿಳು ಸೀಮೆಯ ಸೋಮನೂರಿನ ಪಕ್ಕದ ನಮ್ಮ ಬೀದಿಯಲ್ಲಿ ಮನೆಮನೆಗೂ ಮಗ್ಗ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಯಾರಿಗೂ ಬರುತ್ತಿರಲಿಲ್ಲ. ನಾನು ಕಲಿತದ್ದು ಮದುವೆಯಾಗಿ ಮೈಸೂರು ಸೇರಿದ ಮೇಲೆ. ಮದರಾಸಿನಲ್ಲಿ ರೇಡಿಯೋ ಎಂಬುದೊಂದು ಇದೆಯಂತೆ ಎಂಬ ಸುದ್ದಿ ಬಂದಿತ್ತು, ರೇಡಿಯೋ ಬಂದಿರಲಿಲ್ಲ. ಬಂದದ್ದು ಗ್ರಾಮಫೋನು. ಅವಿನಾಶಿಯಲ್ಲಿ ಒಂದು ನಾಟಕ ಕಂಪನಿ ಮುಚ್ಚಿ ಸಾಮಾನು ಮಾರಿದಾಗ ಚಿಕ್ಕಪ್ಪ ಅದನ್ನೂ ಅದರ ಹದಿನಾಲ್ಕು ಪ್ಲೇಟುಗಳನ್ನೂ ಗಾಡಿಗೆ ಹಾಕಿಕೊಂಡು ಬಂದ. ಅವ್ವ ಅವನನ್ನು ಒಂದು ವಾರ ಬೈದಳು, ಎಂಟನೆಯ ದಿನದಿಂದ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಕೇಳತೊಡಗಿದಳು.

ನನಗಾಗ ಹದಿನಾರು. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವುದು ನನ್ನ ಕೆಲಸ. ಅದರ ಜೊತೆಗೆ ಗ್ರಾಮಫೋನಿಗೆ ಕೀ ಕೊಡುವ ಅಧಿಕಾರವನ್ನೂ ನಾನೇ ಗಿಟ್ಟಿಸಿಕೊಂಡೆ. ಪ್ಲೇಟಿನ ಮೇಲಿನ ಬರಹ ಓದಲು ಬಾರದು; ಯಾವುದಕ್ಕೆ ಅಂಚು ಮುರಿದಿದೆ, ಯಾವುದರ ನಡುವಿನ ಕಾಗದ ಹರಿದಿದೆ ಎಂದು ಗುರುತಿಟ್ಟುಕೊಂಡಿದ್ದೆ. ಹಾಡಿಗಿಂತಲೂ ಅದನ್ನು ಕೇಳುವವರು ನನಗೆ ಸೋಜಿಗ. ಊಟವಾದ ಮೇಲೆ ಯಾವುದನ್ನು ಹಾಕಿದರೆ ಚಿಕ್ಕಪ್ಪ ಆಕಳಿಸುತ್ತಾನೆ, ಯಾವುದಕ್ಕೆ ಅಪ್ಪನ ಕಾಲು ಮಗ್ಗದ ಕೆಳಗಿನ ಕುಣಿಯೊಳಗೆ ಚುರುಕಾಗುತ್ತದೆ ಎಂದು ನೋಡುತ್ತಾ ಕೂತು, ಕಂಡಿಕೆ ಸುತ್ತುವುದನ್ನೇ ಮರೆತು ಬೈಸಿಕೊಳ್ಳುತ್ತಿದ್ದೆ.

ಅಪ್ಪ ನೇಯುತ್ತಿದ್ದದ್ದು ನವಿರಾದ ಸೀರೆ. ಚಿಕ್ಕಪ್ಪ ನೇಯುತ್ತಿದ್ದದ್ದು ಒರಟು ತುಂಡು, ಮೈ ಒರೆಸಿಕೊಳ್ಳುವಂಥದ್ದು. ಸೀರೆಯ ನೂಲು ಬೀದಿಯಲ್ಲಿ ಎಲ್ಲರಿಗೂ ಸಿಗುತ್ತಿರಲಿಲ್ಲ. ಎಳೆಗಳನ್ನು ಒತ್ತುವ ಹಣಿಗೆಯನ್ನು ಒಂದೇ ಸಮನೆ ಬಡಿಯುವ ಕೈಗೆ ಮಾತ್ರ ಅದು. ಇಪ್ಪತ್ತು ವರ್ಷದಿಂದ ಆ ಕೈ ನಮ್ಮ ಅಪ್ಪನದು, ಬೀದಿಯಲ್ಲಿ ಅಪ್ಪನಿಗಿದ್ದ ಮರ್ಯಾದೆಯೂ ಅದರದೇ.

ಒಂದು ಬೆಳಗ್ಗೆ ನಮಗೆ ನೂಲು ಕೊಟ್ಟು ಬಟ್ಟೆ ಒಯ್ಯುವ ಮುದಲಾಳಿ ಬಂದರು. ದೂರದ ನೆಂಟರೂ ಹೌದು. ಮುಗಿದ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು.

"ಅಣ್ಣೋ, ಇದೇನು ಪಟ್ಟೆ ಪಟ್ಟೆಯಾಗಿ ಬಂದದೆ?"

ನಿಜ. ನಾಲ್ಕು ಬೆರಳಷ್ಟು ಒತ್ತಾದ ನೇಯ್ಗೆ, ಆಮೇಲೆ ಒಂದು ಬೆರಳು ತೆಳು, ಮತ್ತೆ ನಾಲ್ಕು ಬೆರಳು ಒತ್ತು. ಉದ್ದಕ್ಕೂ ಹೀಗೆಯೇ, ಒಂದು ಕಡೆ ಮಾತ್ರ ಮೊಳದುದ್ದ ತೆಳು. ಅಪ್ಪ ತಲೆ ತಗ್ಗಿಸಿ, "ವಯಸ್ಸಾಯ್ತು," ಎಂದ. ಮುದಲಾಳಿಗೂ ಸಂಕಟವೇ. "ಇನ್ನೊಂದು ನೋಡಾಣ. ಅದೂ ಇಂಗೇ ಬಂದ್ರೆ ನೂಲು ಬೇರೆ ಮನೆಗೆ ಓಯ್ತದೆ, ಬೇಜಾರು ಮಾಡ್ಕೋಬೇಡಿ," ಎಂದರು.

ನಾನು ಸೀರೆಗೆ ಮೂಗು ತಾಗಿಸಿ ನೋಡುತ್ತಿದ್ದೆ. ನೋಡುತ್ತಾ ನೋಡುತ್ತಾ ಹೊಳೆಯಿತು. ಅದು ನಾನು ಹಾಕಿದ ಹಾಡುಗಳ ಪಟ್ಟಿ! ಒಂದು ಪ್ಲೇಟು ಮುಗಿಯುವಷ್ಟು ಹೊತ್ತು ಒತ್ತು, ಪ್ಲೇಟು ಬದಲಿಸಿ ಕೀ ಕೊಡುವಷ್ಟು ಹೊತ್ತು ತೆಳು. ಸುಮ್ಮನಿರಲು ನನ್ನಿಂದಾಗಲಿಲ್ಲ.

"ಮಾವ, ತಪ್ಪು ಅಪ್ಪಂದಲ್ಲ, ನಂದು. ಇದು ನಾಟಕದ ಹಾಡು, ಇದು ನಾಗಸ್ವರ. ಇಲ್ಲಿ ಒಂದು ಮೊಳ ತೆಳು ಐತಲ್ಲ, ಅವಾಗ ಅವ್ವ ನನ್ನ ಒಲೆ ಹತ್ರ ಕರೆದ್ಲು. ಹಾಡು ಅಪ್ಪನ ಕೈ ಎಳೀತದೆ."

ಮುದಲಾಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸೆರಿ, ಆ ಪೆಟ್ಟಿಗೆ ಬಾಯಿ ಮುಚ್ಸಿ," ಎಂದು ಹೊಸ ನೂಲು ಕೊಟ್ಟು ಹೋದರು. ಅಪ್ಪನ ಮಾನ ಉಳಿಸಿದೆನೆಂದು ನನಗೆ ಎಲ್ಲಿಲ್ಲದ ಜಂಬ. ಅಪ್ಪ ಮಾತ್ರ ನನ್ನನ್ನೊಮ್ಮೆ ನೋಡಿ ಒಳಗೆ ಹೋದ.

ಗ್ರಾಮಫೋನಿಗೆ ಬಟ್ಟೆ ಮುಚ್ಚಿದೆವು. ಹೊಸ ಸೀರೆ ಒಂದು ಮೊಳ ಆದಾಗ ನನ್ನ ಹಾಳು ಕುತೂಹಲ ಕೇಳಬೇಕಲ್ಲ, ಅಪ್ಪ ಊಟಕ್ಕೆದ್ದ ಹೊತ್ತಿಗೆ ಹೋಗಿ ಬಗ್ಗಿ ನೋಡಿದೆ. ಪಟ್ಟೆ ಇರಲಿಲ್ಲ. ಇಡೀ ಮೊಳವೇ ತೆಳು, ಬಲೆಯ ಹಾಗೆ.

ತಿರುಗಿದರೆ ಅಪ್ಪ ಹಿಂದೆಯೇ ನಿಂತಿದ್ದ.

"ಬಲತೋಳಲ್ಲಿ ಬಲ ಇಲ್ಲ ಅಮ್ಮಿಣಿ. ವರ್ಷದ ಮೇಲಾಯ್ತು, ಈಚೆಗೆ ಜಾಸ್ತಿ," ಎಂದ. "ಹಾಡು ಇದ್ರೆ ತೋಳು ನೋವು ಮರ್ತು ಹೊಡೀತದೆ. ಹಾಡು ನಿಂತ್ರೆ ನೆಪ್ಪಾಗ್ತದೆ."

ನಾನು ಅತ್ತುಬಿಟ್ಟೆ. ಅಪ್ಪನ ಕೈಯನ್ನು ಕೆಡಿಸಿದ್ದು ಹಾಡು ಎಂದು ಎಲ್ಲರೆದುರು ಸಾರಿದ್ದೆ. ಆ ಕೈಯನ್ನು ಅಷ್ಟು ದಿನ ಬೀಳದಂತೆ ಹಿಡಿದದ್ದೇ ಹಾಡು.

ಅವತ್ತೇ ಆ ಮೊಳವನ್ನು ಎಳೆ ಎಳೆಯಾಗಿ ಬಿಚ್ಚಿದೆವು. ಕಿಟಕಿ ಹಾಕಿ, ಗ್ರಾಮಫೋನಿನ ಬಾಯಿಗೆ ಹಳೇ ಸೀರೆ ತುರುಕಿ, ಬೀದಿಗೆ ಕೇಳದ ಹಾಗೆ ಮತ್ತೆ ಶುರು ಮಾಡಿದೆ. ಈ ಸಲ ಹಾಡಿನ ನಡುವೆ ಒಂದು ಬಡಿತವೂ ಸಡಿಲವಾಗಬಾರದು. ಹದಿನಾಲ್ಕು ಪ್ಲೇಟುಗಳನ್ನು ಅಪ್ಪನ ಕಾಲಿನ ಲೆಕ್ಕದಲ್ಲಿ ಜೋಡಿಸಿದೆ. ಒಂದು ನಿಲ್ಲುವ ನಡೆಯಲ್ಲೇ ಇನ್ನೊಂದು ಎದ್ದು ಬರಬೇಕು. ತುಂಬಾ ಚುರುಕಾದ ಎರಡನ್ನು ಕಿತ್ತುಹಾಕಿದೆ, ಅವುಗಳ ನಂತರ ಅಪ್ಪ ಸುಸ್ತಾಗುತ್ತಿದ್ದ. ಅಳುಮೋರೆಯ ಒಂದು ಹಾಡನ್ನು ಚಿಕ್ಕಪ್ಪನ ಆಕ್ಷೇಪ ಲೆಕ್ಕಿಸದೆ ಇಟ್ಟುಕೊಂಡೆ, ಅದಕ್ಕೆ ಅಪ್ಪನ ಬಡಿತ ಗಡಿಯಾರದಂತೆ ಬೀಳುತ್ತಿತ್ತು. ಪ್ಲೇಟು ಬದಲಿಸುವ ಹೊತ್ತಿನಲ್ಲಿ ನಾನೇ ಹಾಡಿದೆ. ನನ್ನ ಗಂಟಲಿಗೆ ಕೋಳಿ ಕೂಡ ಎದ್ದು ಹೋಗುತ್ತಿತ್ತು. ಆದರೆ ಅಪ್ಪನ ಕೈ ನಿಲ್ಲಲಿಲ್ಲ.

ಹನ್ನೊಂದು ದಿನ ಹಿಡಿಯಿತು. ಮುದಲಾಳಿ ಬಂದು ಸೀರೆಯನ್ನು ಬೆಳಕಿಗೆ ಹಿಡಿದು, ಎರಡು ಸಲ ಕೈಯಾಡಿಸಿ, "ನೋಡಿದ್ರಾ ಅಣ್ಣೋ, ಹಾಡು ನಿಲ್ಸಿದ್ಮೇಲೆ ಕೈ ಎಂಗೆ ಕುದುರ್ಕೊಂಡದೆ!" ಎಂದರು. ಚಿಕ್ಕಪ್ಪ ಕೆಮ್ಮುತ್ತಾ ಹಿತ್ತಲಿಗೆ ಓಡಿದ. ಇನ್ನೈದು ಸೀರೆಯ ನೂಲನ್ನು ಮುದಲಾಳಿ ಜಗಲಿಯ ಮೇಲಿಟ್ಟರು. ಗೆದ್ದೆವು ಎಂದುಕೊಂಡೆ ನಾನು. ಐದು ಸೀರೆಗೂ ಪಟ್ಟಿ ಹೇಗಿರಬೇಕೆಂದು ಆಗಲೇ ಮನಸ್ಸಿನಲ್ಲಿ ಜೋಡಿಸುತ್ತಿದ್ದೆ.

ಅಪ್ಪ ನೂಲನ್ನು ಮುಟ್ಟಲಿಲ್ಲ.

"ಇದು ತಮ್ಮನಿಗಿರ್ಲಿ. ನಾನು ಪಕ್ಕದಲ್ಲಿ ಕೂತು ಹೇಳ್ಕೊಡ್ತೀನಿ," ಎಂದ. "ಈ ಸೀರೆ ನಾನು ನೇಯ್ಲಿಲ್ಲ. ನನ್ನ ಮಗಳು ನೇಯ್ಸಿದ್ಳು." ಮುದಲಾಳಿ ಒಮ್ಮೆ ನನ್ನನ್ನು, ಒಮ್ಮೆ ಬಾಯಿಗೆ ಸೀರೆ ತುರುಕಿಸಿಕೊಂಡಿದ್ದ ಗ್ರಾಮಫೋನನ್ನು ನೋಡಿದರು. ನೂಲನ್ನು ಅಲ್ಲೇ ಬಿಟ್ಟು ಅಪ್ಪನಿಗೆ ಕೈಮುಗಿದು ಹೋದರು.

ಮಧ್ಯಾಹ್ನ ಅಪ್ಪ ಕಂಬಕ್ಕೆ ಒರಗಿ ಕೂತ. ನಾನು ಹುಟ್ಟಿದಾಗಿನಿಂದ ಆ ಹೊತ್ತಿನಲ್ಲಿ ಅಪ್ಪ ಕುಣಿಯ ಹೊರಗೆ ಕೂತದ್ದನ್ನು ನೋಡಿರಲಿಲ್ಲ. ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, "ಒಂದು ಪ್ಲೇಟು ಹಾಕು ಅಮ್ಮಿಣಿ," ಎಂದ. "ಕೆಲಸ ಇಲ್ದೆ ಕೇಳಿ ನೋಡ್ತೀನಿ."

ನಾನು ಪ್ಲೇಟುಗಳನ್ನು ಒಂದೊಂದಾಗಿ ಎತ್ತಿ ನೋಡಿದೆ, ಮತ್ತೆ ಕೆಳಗಿಟ್ಟೆ. ಅಪ್ಪನ ತೋಳಿಗೆ ಏನು ಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಪ್ಪನಿಗೆ ಯಾವ ಹಾಡು ಇಷ್ಟವೆಂದು ನಾನು ಒಂದು ದಿನವೂ ಕೇಳಿರಲಿಲ್ಲ.