ಬೆಲ್ಲದ ಪೆಂಟಿ ಎನಿಸಿಕೊಂಡ ಬೆಟ್ಟದ ಕುರಿತು

ಹುಮನಾಬಾದ್‌ನ ಕಚೇರಿಯೊಂದರಲ್ಲಿ ಪತ್ರಗಳ ಕರಡು ಬರೆಯುತ್ತಲೇ ಸೇವೆ ಮುಗಿಸಿದವಳು ನಾನು. ಅದರ ಹೊರತು ಏನನ್ನೂ ಬರೆದ ಅನುಭವವಿರುವುದಿಲ್ಲ. ಲೋಪವಿದ್ದಲ್ಲಿ ಓದುಗರು ಮನ್ನಿಸಬೇಕಾಗಿ ಕೋರುತ್ತೇನೆ. ಇದರಲ್ಲಿ ಬರುವ ಮಾಸ್ತರರನ್ನು ಮಾತ್ರ ನಾನು ಮನ್ನಿಸಿಲ್ಲ.

ನಿವೃತ್ತಿಯ ನಂತರ ಪ್ರತಿ ಭಾನುವಾರ ಬಸ್ಸಿನಲ್ಲಿ ಬಸವಕಲ್ಯಾಣಕ್ಕೆ ಹೋಗಿ ಚಿತ್ರಕಲೆಯ ತರಗತಿಗೆ ಹಾಜರಾಗತೊಡಗಿದೆ. ಬೆಟ್ಟವನ್ನು ಕಂಡಂತೆ ಬಿಡಿಸುವುದು ಬೇಡ, ಅದು ಮನಸ್ಸಿನಲ್ಲಿ ಎಬ್ಬಿಸುವುದನ್ನು ಬಿಡಿಸಬೇಕು ಎಂದು ಮಾಸ್ತರರು ತಿಳಿಸಿದ್ದರು. ನಾನು ಕಚೇರಿಯ ರೂಢಿಯಂತೆ ಹಾಳೆಯ ಎಡಕ್ಕೆ ಸ್ಕೇಲಿನಿಂದ ಗೆರೆ ಎಳೆದು, ಅದನ್ನು ದಾಟದಂತೆ ಕಂದು ಬೆಟ್ಟಗಳನ್ನು ಸಾಲಾಗಿ ಕೂರಿಸಿ, ಮೇಲೆ ಚುಕ್ಕೆಯಷ್ಟು ಗಿಡಗಳನ್ನಿಟ್ಟೆ. ಮಾಸ್ತರರು ಹಾಳೆಯನ್ನು ಎಲ್ಲರಿಗೂ ಎತ್ತಿ ತೋರಿಸಿದರು.

"ಅಕ್ಕೋರ, ಇವು ಗುಡ್ಡ ಅಲ್ರಿ, ಬೆಲ್ಲದ ಪೆಂಟಿ. ನೋಡ್ರಿ, ಇರುವಿನೂ ಹತ್ಯಾವ."

ಇರುವೆ ಮುತ್ತಿದ ಬೆಲ್ಲದ ಉಂಡೆಗಳನ್ನೇ ಕಂಡಂತೆ ಇಡೀ ತರಗತಿ ನಕ್ಕಿತು. ಮುಂದಿನ ವಾರದಿಂದ ಬೆಲ್ಲದ ಅಕ್ಕೋರು ಎಂಬ ಹೆಸರು ನನಗೆ ಕಾಯಂ ಆಯಿತು. ಎದುರಿನ ಚಹಾದಂಗಡಿಯವನೂ ಸಕ್ಕರೆ ಹಾಕಲೋ ಬೆಲ್ಲವೋ ಎಂದು ವಿಚಾರಿಸತೊಡಗಿದ. ಆ ಮಾತನ್ನು ಮಾಸ್ತರರಿಗೇ ನುಂಗಿಸಬೇಕೆಂದು ನಿರ್ಧರಿಸಿದೆ.

ನಿರ್ಣಾದಲ್ಲಿರುವ ತಮ್ಮನ ಹೊಲದಿಂದ ಕೆಂಪು ಮಣ್ಣು ತರಿಸಿ, ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಗೋಂದಿನಲ್ಲಿ ಕಲಸಿದೆ. ಕುಂಚವನ್ನು ಬದಿಗಿರಿಸಿ ಗಾರೆ ಕೆಲಸದ ಕರಣೆ ಹಿಡಿದೆ. ಹಾಳೆಗಳು ಹರಿದವು, ರಟ್ಟಿಗೆ ಬದಲಾಯಿಸಿದೆ. ಮಣ್ಣು ಬಳಿಯುವ ಪ್ರತಿ ಸಲವೂ ಆ ನಗೆಯನ್ನು ಜ್ಞಾಪಿಸಿಕೊಂಡೆ. ಮಳೆಗಾಲ ಮುಗಿಯುವ ಹೊತ್ತಿಗೆ ಬೆಟ್ಟವೊಂದು ಎದ್ದಿತು. ಮೈಯೆಲ್ಲ ಸೀಳು ಸೀಳಾದ ಕೆಂಪು, ತುದಿ ರಟ್ಟಿನೊಳಗೆ ಹಿಡಿಸದೆ ಹೊರಗೆ ಹೋಗಿತ್ತು. ಗಿಡ ಒಂದೂ ಇರಲಿಲ್ಲ. ಕೆಳಗೆ ಪೂರ್ಣ ಸಹಿ ಮಾಡಿದೆ.

ಅದನ್ನು ತರಗತಿಗೆ ಒಯ್ಯಲಿಲ್ಲ. ಚಹಾದಂಗಡಿಯವನ ಒಪ್ಪಿಗೆ ಪಡೆದು, ಮಾಸ್ತರರು ದಿನವೂ ಕೂರುವ ಬೆಂಚಿನ ಎದುರು ಗೋಡೆಗೆ ತೂಗುಹಾಕಿ, ಪಕ್ಕದಲ್ಲೇ ಕುಳಿತೆ. ಅವರು ಬಂದರು. ಚಹಾದ ಮೇಲೆ ಕೆನೆ ಕಟ್ಟುವವರೆಗೆ ನೋಡಿದರು. ಸಹಿಯನ್ನೂ ಓದಿದರು.

"ಈ ಕೆಂಪು ಹ್ಯಾಂಗ ಬಂತ್ರಿ ಅಕ್ಕೋರ? ಯಾವ ಬಣ್ಣ?"

"ಬೆಲ್ಲ ರೀ, ಮಾಸ್ತರ."

ಈ ಬಾರಿ ನಕ್ಕವನು ಚಹಾದಂಗಡಿಯವ. ಚಿತ್ರವನ್ನು ತರಗತಿಯಲ್ಲಿ ಹಾಕಲು ಕೊಡಬೇಕೆಂದು ಮಾಸ್ತರರು ಅಂದೇ ಕೇಳಿಕೊಂಡರು. ಬಣ್ಣದ ವಿವರವನ್ನು ಈಗಲೂ ಪ್ರತಿ ಭಾನುವಾರ ಕೇಳುತ್ತಾರೆ. ಸದರಿ ಎರಡೂ ಕೋರಿಕೆಗಳು ನನ್ನ ಪರಿಶೀಲನೆಯಲ್ಲಿವೆ. ಅಲ್ಲಿಯೇ ಇರತಕ್ಕದ್ದು.