ಅರಿಶಿನ ಹಚ್ಚಿದ ಲಕೋಟೆ

ವ್ಯಾಸರಾಜ ತುಂಬಾ ಸಾಧು ಮನುಷ್ಯ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ನನ್ನನ್ನು ಕೇಳಿದರೆ, ಅವನಂಥ ಹಟಮಾರಿ ಕ್ಯಾಲಿಫೋರ್ನಿಯಾದ ನಮ್ಮ ಕ್ಯಾಂಪ್‌ಬೆಲ್ ಊರಿನಲ್ಲಿ ಇನ್ನೊಬ್ಬ ಇರಲಿಲ್ಲ. ಮೂವತ್ತೊಂದು ವರ್ಷದ ಗೆಳೆತನ ನಮ್ಮದು. ಅವನ ಜೊತೆ ಜಗಳವಾಡಲು ನನಗೆ ಹಕ್ಕಿದೆ ಎಂದುಕೊಂಡಿದ್ದೆ. ಆ ಹಕ್ಕನ್ನು ಹೇಗೆ ಬಳಸಿದೆ ಎನ್ನುವುದನ್ನು ಅವನೆದುರು ಹೇಳಲು ನನಗೆ ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇಬ್ಬರೂ ಮೈಸೂರಿನವರಾದರೂ ಪರಿಚಯವಾದದ್ದು ಸಾಂಟಾ ಕ್ಲಾರಾದ ಒಂದು ಚಿಪ್ ಕಂಪನಿಯಲ್ಲಿ. ನಾನು ಡಿಸೈನ್ ಮಾಡುವವನು. ಮಾಡಿದ್ದರಲ್ಲಿ ತಪ್ಪು ಹುಡುಕುವುದು ಅವನ ಕೆಲಸ. ನಾನು ರಾತ್ರಿ ಹಗಲು ಕೂತು ಮುಗಿಸಿದ್ದನ್ನು ಎರಡೇ ದಿನದಲ್ಲಿ ವಾಪಸ್ಸು ತಂದು, "ವೆಂಕಟ, ಹದಿನೇಳು ತಪ್ಪಿದೆ ಕಣೋ" ಎನ್ನುತ್ತಿದ್ದ. ನಗುತ್ತಲೂ ಇರಲಿಲ್ಲ, ಬೈಯುತ್ತಲೂ ಇರಲಿಲ್ಲ. ಮೈ ಉರಿದುಹೋಗುತ್ತಿತ್ತು. ಆಮೇಲೆ ನೋಡಿದರೆ ಹದಿನೇಳೂ ನಿಜವಾಗಿರುತ್ತಿದ್ದವು.

ಅವನ ಹೆಂಡತಿ ಹಂಸಾ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿದ್ದಳು. ದಿನಾ ರೈಲಿನಲ್ಲಿ ಓಡಾಡಿಕೊಂಡೇ ಮಗಳು ಅಕ್ಷಯಾಳನ್ನು ಬೆಳೆಸಿದಳು. ಇಲ್ಲಿಯ ಸಿಟಿಜನ್ ಆಗುವ ಅವಕಾಶ ಬಂದಾಗ ಹಂಸಾ ಆದಳು, ಇವನು ಆಗಲಿಲ್ಲ. ಕಾರಣ ಏನು ಗೊತ್ತೇ? ಬೆಂಗಳೂರಿನ ಏರ್‌ಪೋರ್ಟಿನಲ್ಲಿ ವಿದೇಶಿಯರ ಸಾಲಿನಲ್ಲಿ ನಿಲ್ಲುವುದಿಲ್ಲವಂತೆ. ಇಷ್ಟಕ್ಕೆ ಹದಿನೇಳು ವರ್ಷ ಓಟಿಲ್ಲದೆ ಇದ್ದ. ಇಬ್ಬರೂ ಬಂದಿಳಿದಾಗ ಅವಳು ಒಂದು ಸಾಲು, ಇವನು ಇನ್ನೊಂದು ಸಾಲು. ಸಾಲು ದಾಟಿ ಸಾಮಾನು ಬರುವ ಬೆಲ್ಟಿನ ಹತ್ತಿರ ಅವಳಿಗಾಗಿ ಕಾಯುತ್ತಾ ನಿಂತಿರುತ್ತಿದ್ದ.

ಕ್ಯಾಲಿಫೋರ್ನಿಯಾದಲ್ಲಿ ಓಟಿನ ಕಾಗದ ಅಂಚೆಯಲ್ಲಿ ಮನೆಗೇ ಬರುತ್ತದೆ. ತುಂಬಿ, ಲಕೋಟೆಯ ಮೇಲೆ ಸಹಿ ಮಾಡಿ ಕಳಿಸಬೇಕು. ಹಂಸಾಳ ಹೆಸರಿಗೆ ಕಾಗದ ಬಂತೆಂದರೆ ಜೊತೆಗೆ ಬರುವ ಮಾಹಿತಿ ಪುಸ್ತಕವನ್ನು ಇವನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳುತ್ತಿದ್ದ. ಪರವಾಗಿ ಏನಿದೆ, ವಿರೋಧವಾಗಿ ಏನಿದೆ, ಎಲ್ಲ. ತೀರ್ಮಾನ ಮಾತ್ರ ಅವಳದು. ಸಹಿ ಮಾಡಿದ ಮೇಲೆ ಅವಳು ಲಕೋಟೆಯನ್ನು ದೇವರ ಮುಂದಿಟ್ಟು, ಮದುವೆ ಕಾಗದಕ್ಕೆ ಹಚ್ಚುವ ಹಾಗೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಅಂಚೆಗೆ ಹಾಕುತ್ತಿದ್ದಳು. ನನ್ನ ಹೆಂಡತಿ ನಿರುಪಮಾ ಒಮ್ಮೆ ನಕ್ಕಿದ್ದಕ್ಕೆ, "ಮನೆಯಿಂದ ಹೊರಗೆ ಹೋಗೋ ಒಳ್ಳೇ ಕಾಗದ ಅಲ್ವೇನೇ" ಎಂದಿದ್ದಳು. ಒಣ ಅರಿಶಿನದ ಒಂದು ಚುಕ್ಕೆ ಅಷ್ಟೇ. ಅವಳ ಓಟು ಪ್ರತಿ ಸಲವೂ ಎಣಿಕೆಯಾಯಿತು.

ಮೂರು ವರ್ಷದ ಹಿಂದೆ ಹಂಸಾ ತೀರಿಕೊಂಡಳು. ಅದಾದ ಮೇಲೆ ಒಂದು ದಿನ ಬೆಳಗಿನ ವಾಕಿಂಗಿನಲ್ಲಿ, "ಸಿಟಿಜನ್‌ಶಿಪ್ಪಿಗೆ ಅರ್ಜಿ ಹಾಕ್ತೀನಿ ಕಣೋ. ಅವಳು ಎಷ್ಟು ಹೇಳಿದ್ಲು, ನಾನು ಕೇಳ್ಲಿಲ್ಲ," ಎಂದ. ಕಳೆದ ವರ್ಷ ಮಾರ್ಚಿನಲ್ಲಿ, ಎಪ್ಪತ್ತೊಂದನೇ ವಯಸ್ಸಿನಲ್ಲಿ ಪ್ರಮಾಣವಚನ ತೆಗೆದುಕೊಂಡ. ನಾನೇ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ಆಗಲೇ ಗ್ಲಾಕೋಮಾದಿಂದ ಅವನ ಕಣ್ಣು ಮಂಜಾಗುತ್ತಿತ್ತು. ಬೇಸಿಗೆಯಲ್ಲಿ ಕಾರು ಓಡಿಸುವುದನ್ನೂ ಬಿಟ್ಟ. ಈ ವಿಷಯ ಗೊತ್ತಿದ್ದದ್ದು ನನಗೂ ನಿರುಪಮಾಳಿಗೂ ಮಾತ್ರ. ಟೆಕ್ಸಾಸಿನಲ್ಲಿರುವ ಅಕ್ಷಯಾಗೆ ಗೊತ್ತಾದರೆ ಅಲ್ಲಿಗೆ ಎಳೆದುಕೊಂಡು ಹೋಗುತ್ತಾಳೆ ಎಂದು ಹೆದರಿ ಅವಳಿಗೆ ಹೇಳಿರಲಿಲ್ಲ. ಹಂಸಾ ಬಾಳಿದ ಮನೆ ಬಿಟ್ಟು ಹೋಗಲು ಅವನಿಗೆ ಇಷ್ಟವಿರಲಿಲ್ಲ. "ನಿನ್ನ ಕಾಗದ ಪತ್ರ ಎಲ್ಲ ನಾನು ಓದ್ತೀನಿ, ನೀನು ಇಲ್ಲೇ ಇರು" ಎಂದು ಮಾತು ಕೊಟ್ಟವನು ನಾನು.

ಅಕ್ಟೋಬರಿನಲ್ಲಿ ಅವನ ಜೀವನದ ಮೊದಲ ಅಮೆರಿಕದ ಓಟು ಬಂತು. ಪ್ರಪೋಸಿಷನ್ ಐವತ್ತು, ಅಂದರೆ ಜನರೇ ನೇರವಾಗಿ ಯೆಸ್ ಅಥವಾ ನೋ ಎಂದು ಓಟು ಹಾಕುವ ಪ್ರಸ್ತಾವ. ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ. ಇಲ್ಲಿ ಪಾರ್ಲಿಮೆಂಟಿನ ಕ್ಷೇತ್ರಗಳ ಗಡಿಯನ್ನು ಪಕ್ಷಗಳು ಎಳೆಯುವ ಹಾಗಿಲ್ಲ, ಒಂದು ಸ್ವತಂತ್ರ ಆಯೋಗ ಎಳೆಯಬೇಕು ಎಂದು ಸಂವಿಧಾನದಲ್ಲಿದೆ. ಟೆಕ್ಸಾಸಿನಲ್ಲಿ ರಿಪಬ್ಲಿಕನ್ನರು ತಮಗೆ ಅನುಕೂಲವಾಗುವಂತೆ ಗಡಿ ಬದಲಾಯಿಸಿದ್ದರಿಂದ, ಇಲ್ಲಿ ಡೆಮಾಕ್ರಟರು ಕೆಲವು ವರ್ಷದ ಮಟ್ಟಿಗೆ ಆಯೋಗದ ನಕ್ಷೆ ಬದಿಗಿಟ್ಟು ತಮ್ಮ ನಕ್ಷೆ ತರಬೇಕೆಂದು ಹೊರಟಿದ್ದರು. ನಾನು ಡೆಮಾಕ್ರಟ್. ಗೇಟಿನ ಪಕ್ಕ ಬೋರ್ಡು ನೆಟ್ಟವನು, ಸಂಜೆ ಕೂತು ಅಪರಿಚಿತರಿಗೆ ಫೋನ್ ಮಾಡಿ ಓಟು ಕೇಳಿದವನು. ವ್ಯಾಸರಾಜ ನನ್ನ ಕಡೆಯೇ ಎಂದು ನಾನು ಕೇಳದೆಯೇ ಅಂದುಕೊಂಡಿದ್ದೆ.

ದೀಪಾವಳಿಯ ದಿನ ನಮ್ಮ ಮನೆಯಲ್ಲಿ ಊಟ. ಹತ್ತು ಹನ್ನೆರಡು ಜನ ಇದ್ದರು. ಹೋಳಿಗೆ ಬಡಿಸುವ ಹೊತ್ತಿಗೆ ಮಾತು ಅದಕ್ಕೇ ಬಂತು. ವ್ಯಾಸರಾಜ ಮೆಲ್ಲಗೆ, "ನಾನು ನೋ ಹಾಕ್ತೀನಪ್ಪ" ಎಂದ.

"ಯಾಕೆ? ಅವರು ಟೆಕ್ಸಾಸಲ್ಲಿ ಮಾಡಿದ್ದು ಸರೀನಾ?" ಎಂದೆ.

"ಸರಿ ಅಂತ ಯಾರು ಹೇಳಿದ್ರು. ಟೆಸ್ಟು ಫೇಲಾಯ್ತು ಅಂತ ರೂಲೇ ತಿದ್ದೋಕಾಗತ್ತೇನೋ? ಸಂವಿಧಾನ ಅನ್ನೋದು ಸಿಟ್ಟು ಬಂದಾಗ ತಿದ್ದೋದಲ್ಲ."

"ಅವರು ಹೊಡೀತಾ ಇರ್ಲಿ, ನಾವು ರೂಲ್ ಬುಕ್ ಹಿಡ್ಕೊಂಡು ಕೂತಿರೋಣ. ಅಲ್ವಾ?"

"ಹೊಡೆದೋರ ಥರಾನೇ ಆಗೋದಕ್ಕಿಂತ ಅದೇ ವಾಸಿ."

ಮಾತು ಬೆಳೆಯಿತು. ಅವನು ದನಿ ಎತ್ತಲಿಲ್ಲ, ನಾನು ಎತ್ತಿದೆ. ಹಳೆಯ ಆಫೀಸಿನಲ್ಲಿ ಹದಿನೇಳು ತಪ್ಪು ತಂದಾಗ ಬರುತ್ತಿದ್ದ ಅದೇ ಸಿಟ್ಟು. ನಿನ್ನೆ ಮೊನ್ನೆ ಸಿಟಿಜನ್ ಆದವನಿಗೆ ಇಲ್ಲಿಯ ಸಂವಿಧಾನ ಏನು ಗೊತ್ತು ಎಂದೆ. ಹೋಗಿ ಆ ಪಾರ್ಟಿಗೇ ಸೇರಿಕೋ ಎಂದೆ. ಅಷ್ಟಕ್ಕೆ ಬಾಯಿ ಮುಚ್ಚಬಹುದಿತ್ತು. "ಹಂಸಾ ಇದ್ದಿದ್ರೆ ನಿನ್ನ ನೋಡಿ ನಾಚ್ಕೋತಿದ್ಲು," ಎಂದೂ ಹೇಳಿಬಿಟ್ಟೆ.

ವ್ಯಾಸರಾಜ "ಹಂಸಾ" ಎಂದು ಏನೋ ಹೇಳಹೊರಟವನು ನಿಲ್ಲಿಸಿದ. ತಟ್ಟೆಯಲ್ಲಿದ್ದ ಹೋಳಿಗೆಯನ್ನು ಪೂರ್ತಿ ತಿಂದ. ಬಡಿಸಿದ್ದನ್ನು ಬಿಡುವ ಅಭ್ಯಾಸ ಅವನಿಗಿಲ್ಲ. ಕೈ ತೊಳೆದು, ನಿರುಪಮಾಳಿಗೆ "ಬರ್ತೀನಮ್ಮ" ಎಂದು ಹೇಳಿ, ಬೇಲಿ ಮುಟ್ಟಿಕೊಂಡು ಮುಟ್ಟಿಕೊಂಡು ಒಂದು ಮೈಲಿ ನಡೆದೇ ಹೋದ. ನಿರುಪಮಾ ಕಾರಿನ ಬೀಗದ ಕೈ ತಂದು ನನ್ನ ಮುಂದೆ ಹಿಡಿದಳು. ನಾನು ಏಳಲಿಲ್ಲ.

ನವೆಂಬರ್ ನಾಲ್ಕರಂದು ನಮ್ಮ ಕಡೆ ಭಾರೀ ಅಂತರದಿಂದ ಗೆದ್ದಿತು. ಅವನ ಒಂದು ಓಟಿನಿಂದ ಏನೂ ಆಗುತ್ತಿರಲಿಲ್ಲ. ಗೆದ್ದ ಮೇಲಾದರೂ ನಾನು ಹೋಗಬಹುದಿತ್ತು. ಅವನೇ ಬರಲಿ ಎಂದು ಕೂತೆ.

ಎರಡು ವಾರದ ನಂತರ, ಎಲ್ ಕಮೀನೋ ರಸ್ತೆಯ ಇಂಡಿಯನ್ ಅಂಗಡಿಯಲ್ಲಿ ಮೆಂತ್ಯದ ಸೊಪ್ಪು ಆರಿಸುತ್ತಿದ್ದಾಗ ಅವನ ಫೋನ್ ಬಂತು. ಹೆಸರು ನೋಡಿದೆ. ಈಗ ಗೊತ್ತಾಯಿತಲ್ಲ ನನ್ನ ಬೆಲೆ ಎಂದುಕೊಂಡು ಜೇಬಿಗೆ ಹಾಕಿದೆ. ಮಾರನೆಯ ದಿನ ಇನ್ನೆರಡು ಸಲ ಬಂತು. ಮೂರನೆಯ ಸಲ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ್ದನ್ನು ನಿರುಪಮಾ ನೋಡಿದಳು.

"ನಿಮ್ಮ ಪಾರ್ಟಿ ಗೆದ್ದಾಯ್ತಲ್ಲ, ಇನ್ನೂ ಯಾರ ಮೇಲೆ ಸಿಟ್ಟು? ಎತ್ತಿ, ಪಾಪ ಏನು ಬೇಕೋ ಏನೋ."

"ಒಂದು ವಾರ ಬಿಟ್ಟು ಮಾಡ್ತೀನಿ. ಸ್ವಲ್ಪ ಬುದ್ಧಿ ಬರಲಿ," ಎಂದೆ.

ಆ ಒಂದು ವಾರದಲ್ಲೇ ಎಲ್ಲ ಮುಗಿಯಿತು. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಹೇಳದೆ ಕೇಳದೆ ಬಂದ ಅಕ್ಷಯಾ, ಅಪ್ಪ ಬಾಗಿಲು ತೆಗೆದು ತನ್ನನ್ನು "ಯಾರು?" ಎಂದು ಕೇಳಿದ್ದು ನೋಡಿ ಅಲ್ಲೇ ಅಳುತ್ತಾ ಕೂತಳಂತೆ. ಇನ್ನು ಅವನ ಹಟ ನಡೆಯಲಿಲ್ಲ. ಡಿಸೆಂಬರ್ ಮಧ್ಯದಲ್ಲಿ ಅವಳಿರುವ ಡಲ್ಲಾಸಿಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಯಿತು. ಅಕ್ಷಯಾ ನನಗೆ ಫೋನ್ ಮಾಡಿ, "ಅಂಕಲ್, ಪ್ಯಾಕಿಂಗಿಗೆ ಹೆಲ್ಪ್ ಮಾಡ್ತೀರಾ? ಅಪ್ಪ ಬೇರೆ ಯಾರನ್ನೂ ಕರೀಬೇಡ ಅಂತಿದಾರೆ," ಎಂದಳು. ಹೋದೆ. ವ್ಯಾಸರಾಜ ನನ್ನ ದನಿ ಕೇಳಿದವನೇ, "ಬಂದ್ಯಾ? ಕಾಫಿ ಡಬ್ಬಿ ಮೇಲಿನ ಕಪಾಟಲ್ಲಿದೆ, ಹಾಕ್ಕೋ," ಎಂದ. ಅಷ್ಟೇ. ಜಗಳದ ಮಾತೇ ಇಲ್ಲ. ನಾನೂ ಎತ್ತಲಿಲ್ಲ. ಎತ್ತುವ ಧೈರ್ಯ ಇರಲಿಲ್ಲ.

ದೇವರ ಗೂಡು ಖಾಲಿ ಮಾಡುವಾಗ ಹಂಸಾಳ ಫೋಟೋದ ಹಿಂದೆ ಒಂದು ಹಾಳೆ ಸಿಕ್ಕಿತು. ಚುನಾವಣಾ ಕಚೇರಿಯದು. ಲಕೋಟೆಯ ಮೇಲಿನ ಸಹಿಯನ್ನು ದಾಖಲೆಯಲ್ಲಿರುವ ಸಹಿಯ ಜೊತೆ ಹೋಲಿಸಲು ಆಗುತ್ತಿಲ್ಲ, ಕಲೆಯಾಗಿದೆ. ಈ ಹಾಳೆಯಲ್ಲಿ ಇನ್ನೊಮ್ಮೆ ಸಹಿ ಮಾಡಿ ನವೆಂಬರ್ ಇಪ್ಪತ್ತಾರರ ಒಳಗೆ ತಲುಪಿಸಿದರೆ ಓಟು ಎಣಿಸುತ್ತೇವೆ ಎಂದಿತ್ತು. ಸಹಿಯ ಜಾಗ ಖಾಲಿಯಿತ್ತು. ಆ ತಾರೀಕು ಆಗಲೇ ದಾಟಿಹೋಗಿತ್ತು.

"ವ್ಯಾಸ, ಇದೇನೋ?" ಎಂದೆ.

"ಅದಾ? ಓಟಿಂದು. ಹಂಸಾ ಹಚ್ತಿದ್ದ ಹಾಗೆ ಅರಿಶಿನ ಹಚ್ಚೋಣ ಅಂತ ಹೋದೆ. ಅವಳು ಒಣದು ಹಚ್ತಿದ್ಲು ಅನ್ನೋದು ಮರ್ತೇಹೋಗಿತ್ತು. ನೀರಲ್ಲಿ ಕಲಸಿದ್ದೆ. ಜಾಸ್ತಿ ಆಗಿತ್ತೋ ಏನೋ, ಕಾಣ್ಲಿಲ್ಲ, ಹರಿದು ಸಹಿ ಮೇಲೆಲ್ಲ ಹೋಗಿದೆ. ಅದಕ್ಕೆ ಇನ್ನೊಂದು ಸಹಿ ಕೇಳಿದ್ರು. ಎರಡು ಹಾಳೆ ಬಂದಿತ್ತು. ಲೆನ್ಸ್ ಹಿಡ್ಕೊಂಡು ಒಂದು ಬೆಳಗ್ಗೆ ಪೂರ್ತಿ ನೋಡ್ದೆ. ಸಹಿ ಮಾಡಿ ಪೋಸ್ಟ್‌ಮ್ಯಾನ್ ಕೈಗೇ ಕೊಟ್ಟೆ. ಇದು ನಮ್ಮ ಕಾಪಿ."

ಅದು ಕಾಪಿ ಆಗಿರಲಿಲ್ಲ. ಸಹಿ ಮಾಡಬೇಕಾದ ಹಾಳೆಯೇ ಅದು. ಅವನು ಸಹಿ ಮಾಡಿ ಕಳಿಸಿದ್ದು ಆ ಕಚೇರಿಯ ಕಾಗದಗಳ ಜೊತೆ ಯಾವಾಗಲೂ ಬರುವ, ಬೇರೆ ಬೇರೆ ಭಾಷೆಗಳ ಸಹಾಯವಾಣಿ ನಂಬರುಗಳಿದ್ದ ಇನ್ನೊಂದು ಹಾಳೆ. ಹಜಾರಕ್ಕೆ ಹೋಗಿ ಫೋನಿನಲ್ಲಿ ಚುನಾವಣಾ ಕಚೇರಿಯ ವೆಬ್‌ಸೈಟ್ ತೆಗೆದು ಅವನ ಹೆಸರು, ಹುಟ್ಟಿದ ದಿನ ಹಾಕಿ ನೋಡಿದೆ. ಎಣಿಸಿಲ್ಲ ಎಂದು ಬಂತು. ಹಾಳೆಯ ತುದಿಯಲ್ಲಿ ಕಾಗದ ಹೊರಟ ತಾರೀಕಿತ್ತು. ಅವನು ನನಗೆ ಮೂರು ಸಲ ಫೋನ್ ಮಾಡಿದ್ದು ಅದು ಕೈಸೇರಿದ ಮೇಲೆ. ನಾನು ಫೋನ್ ಎತ್ತಿದ್ದರೆ ಐದು ನಿಮಿಷದ ಕೆಲಸ.

ಏರ್‌ಪೋರ್ಟಿಗೆ ನಾನೇ ಬಿಡಲು ಹೋದೆ. ಅಕ್ಷಯಾ ವೀಲ್‌ಚೇರಿಗೆ ಹೇಳಿ ಬರಲು ಹೋದಾಗ ನಾವಿಬ್ಬರೇ ಬೆಂಚಿನ ಮೇಲೆ ಕೂತಿದ್ದೆವು.

"ವೆಂಕಟ, ಅವತ್ತು ನಾನು ಹೇಳ್ಬೇಕು ಅಂದ್ಕೊಂಡೆ. ಹತ್ತು ಜನರ ಮುಂದೆ ಅವಳ ಮಾತು ಎತ್ತೋಕೆ ಆಗ್ಲಿಲ್ಲ," ಎಂದ. "ಎರಡು ಸಾವಿರದ ಹತ್ತರಲ್ಲಿ ಈ ಆಯೋಗಕ್ಕೇ ಗಡಿ ಎಳೆಯೋ ಕೆಲಸ ಕೊಡಬೇಕಾ ಬೇಡ್ವಾ ಅಂತ ಓಟು ಬಂದಿತ್ತು. ನಾನೇ ಓದಿ ಹೇಳಿದ್ದೆ. ಅವಳು ಎರಡು ದಿನ ಯೋಚ್ನೆ ಮಾಡಿ ಕೊಡಬೇಕು ಅಂತ ಹಾಕಿದ್ಲು. ಅವಳು ಹಾಕಿದ್ದನ್ನ ನಾನು ಹೋಗಿ ತಿದ್ದೋದಾ? ನನ್ನ ಮೊದಲನೇ ಓಟಲ್ಲೇ?"

ಅವಳು ನಾಚಿಕೊಳ್ಳುತ್ತಿದ್ದಳು ಎಂದು ನಾನು ಹೇಳಿದ ಮಾತನ್ನು ಇವನು ಹೋಳಿಗೆಯ ಜೊತೆ ನುಂಗಿಕೊಂಡು ಬೇಲಿ ಹಿಡಿದು ನಡೆದು ಹೋಗಿದ್ದ.

"ತಪ್ಪಾಯ್ತು ಕಣೋ," ಎಂದೆ.

"ಹೋಗ್ಲಿ ಬಿಡು. ಓಟು ಎಣಿಸಿದ್ರಾ ಇಲ್ವಾ ಅಂತ ಫೋನಲ್ಲಿ ಬರತ್ತಂತಲ್ಲ, ನೋಡ್ತೀಯಾ? ಅಕ್ಷಯಾನ ಕೇಳಿದ್ರೆ ಆಮೇಲೆ ಆಮೇಲೆ ಅಂತಾಳೆ. ಇನ್ನು ಮೇಲೆ ನಾನು ಟೆಕ್ಸಾಸಿನೋನು. ಇಲ್ಲಿ ಹಾಕಿದ್ದು ಅದೊಂದೇ."

ಫೋನ್ ತೆಗೆದೆ. ಗೊತ್ತಿದ್ದೂ ಇನ್ನೊಮ್ಮೆ ಹಾಕಿ ನೋಡಿದೆ. ಅದೇ ಬಂತು. ಅವನು ನನ್ನ ಕಡೆ ಮುಖ ಮಾಡಿ ಕಾಯುತ್ತಿದ್ದ. ಕಣ್ಣು ನನ್ನ ಭುಜದ ಮೇಲೆ ಎಲ್ಲೋ ನೆಟ್ಟಿತ್ತು.

"ಎಣಿಸಿದ್ದಾರೆ," ಎಂದೆ.

"ಸರಿಯಾಗಿ ನೋಡಿದ್ಯಾ?"

"ನೋಡ್ದೆ ಕಣೋ. ಎಣಿಸಿದ್ದಾರೆ."

ಅವನು ಉಸಿರು ಬಿಟ್ಟು ಬೆಂಚಿಗೆ ಒರಗಿದ. ಅವನ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ಹಂಸಾ ಹೋದ ಮೇಲೆ ನಾನು ನೋಡಿರಲಿಲ್ಲ. ನನ್ನ ಮೊಣಕಾಲು ಹುಡುಕಿ ಮೆಲ್ಲಗೆ ತಟ್ಟಿದ.

"ಮೂವತ್ತು ವರ್ಷದಲ್ಲಿ ನೀನು ಮಾಡಿದ್ದು ಒಂದನ್ನೂ ನಾನು ಚೆಕ್ ಮಾಡದೆ ಬಿಟ್ಟಿಲ್ಲ, ಅಲ್ವೇನೋ?" ಎಂದ. "ಈಗ ಕಣ್ಣೆಲ್ಲಿದೆ. ಇದೊಂದು ನೀನು ಹೇಳಿದ್ದೇ ಸರಿ."

ಅಷ್ಟರಲ್ಲಿ ಅಕ್ಷಯಾ ವೀಲ್‌ಚೇರು ತಳ್ಳಿಕೊಂಡು ಬಂದಳು. ನಾನು ಅವನ ಕೈ ಹಿಡಿದು ಅದರಲ್ಲಿ ಕೂರಿಸಿದೆ.